ಸದ್ದಡಗಿದ ಈಡು

ಎನ್.ಸಿ.ಸಿ. ಶಿಬಿರದಲ್ಲಿ ಗುರಿ ಹೊಡೆಯುವ ಅಭ್ಯಾಸ ಮಾಡಿದ ವಿದ್ಯಾರ್ಥಿಗಳು ‘ಪಾಯಿಂಟ್ ಟೂ-ಟೂ’ ಬಂದೂಕಿನ ಸದ್ದನ್ನು ಕೇಳಿಯೇ ಇರುತ್ತಾರೆ. ಬಂದೂಕನ್ನು ಹಿಡಿದವನ ಕಿವಿಗೆ ಅದು ಒಂದೇ ಸದ್ದು. ಆದರೆ ಸೈನ್ಯದ ದೊಡ್ಡ ಬಂದೂಕಿನಿಂದ ಹಾರಿದ ಈಡನ್ನು ಗುರಿಹಲಗೆಯ ಕೆಳಗೆ, ಮಣ್ಣಿನ ದಿಬ್ಬದ ಮರೆಯಲ್ಲಿ ಕುಳಿತು ಕೇಳಿದವರು ಬೇರೆ ಮಾತನ್ನೇ ಹೇಳುವರು. ಮೊದಲು ತಲೆಯ ಮೇಲೆ ಚಾಟಿ ಬೀಸಿದಂತೆ ‘ಛಟ್’ ಎಂಬ ಸದ್ದು. ಒಂದು ಕ್ಷಣದ ತರುವಾಯ ದೂರದಿಂದ ‘ಧಂ’ ಎಂಬ ಇನ್ನೊಂದು ಸದ್ದು. ಹಾರಿದ ಗುಂಡು ಒಂದೇ. ಸದ್ದು ಮಾತ್ರ ಎರಡು. ಇದು ಹೇಗೆ?

ಇದನ್ನು ತಿಳಿದುಕೊಂಡರೆ, ಅಮೆರಿಕ ಇಂಗ್ಲೆಂಡುಗಳ ಬೇಟೆಗಾರರು ಬಹುಕಾಲದಿಂದ ಚರ್ಚಿಸುತ್ತಿರುವ ಪ್ರಶ್ನೆಯೊಂದಕ್ಕೆ ಉತ್ತರ ದೊರೆಯುವುದು. ಒಂದು ಸಲಕ್ಕೆ ಒಂದೇ ತೋಟಾ ತುಂಬುವ ಬಂದೂಕಿನಿಂದ ಆದಷ್ಟೂ ಸದ್ದಿಲ್ಲದೆ ಬೇಟೆಯಾಡಬೇಕಾದರೆ ಎಂತಹ ತೋಟಾವನ್ನು ಆರಿಸಿಕೊಳ್ಳಬೇಕು ಎಂಬುದೇ ಆ ಪ್ರಶ್ನೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು 1991ರ ಅದರ ತಿದ್ದುಪಡಿಯಿಂದ ವಿನೋದಕ್ಕಾಗಿ ಬೇಟೆಯಾಡುವ ಕಾಲ ಮುಗಿದಿದೆ. ಆದ್ದರಿಂದ ನಾವು ಇದನ್ನು ಭೌತಶಾಸ್ತ್ರದ ಒಂದು ಲೆಕ್ಕವೆಂದು ತೆಗೆದುಕೊಳ್ಳೋಣ. ಆದರೆ ಆ ನಾಡುಗಳಲ್ಲಿ ಇದು ಬರಿಯ ಲೆಕ್ಕವಲ್ಲ. ಲೆಕ್ಕ ತಪ್ಪಿದರೆ ಪ್ರಾಣಿಯೊಂದು ಗಾಯಗೊಂಡು, ಪೊದೆಯೊಳಗೆ ನುಗ್ಗಿ, ಗಂಟೆಗಟ್ಟಲೆ ನರಳುವುದು.

ಸದ್ದನ್ನು ಅಡಗಿಸುವ ಹಂಬಲವೇಕೆ ಎಂದು ಕೇಳಬಹುದು. ಕಳ್ಳಬೇಟೆಯ ನೆನಪು ಬರುವುದು ಸಹಜವೇ. ಆದರೆ ಮುಖ್ಯವಾದ ಕಾರಣ ಕಿವಿ. ದೊಡ್ಡ ಬಂದೂಕಿನ ಈಡು 160 ಡೆಸಿಬೆಲ್‌ಗಳನ್ನು ಮೀರುವುದು. 140ನ್ನು ದಾಟಿದ ಹಠಾತ್ ಸದ್ದು ಒಂದೇ ಸಲಕ್ಕೆ ಕಿವಿಯನ್ನು ಕೆಡಿಸಬಲ್ಲುದು. ಬೇಟೆಗಾರನ ಪಕ್ಕದಲ್ಲಿರುವ ನಾಯಿಗೂ, ಹೊಲದಾಚೆಯ ಮನೆಯಲ್ಲಿ ಮಲಗಿದವರಿಗೂ ಈ ಸದ್ದು ಹಿತವಲ್ಲ.

ಈಗ ಸದ್ದಿನ ಮೂಲಗಳನ್ನು ಒಂದೊಂದಾಗಿ ವಿಚಾರಿಸೋಣ. ‘ಧಂ’ ಎಂಬುದು ನಳಿಗೆಯ ಬಾಯಿಂದ ಬರುವುದು. ಮದ್ದು ಉರಿದು ಹುಟ್ಟಿದ ಅನಿಲವು ಗುಂಡಿನ ಹಿಂದೆ ಅತಿ ಒತ್ತಡದಲ್ಲಿ ಸೆರೆಯಾಗಿರುವುದು. ಗುಂಡು ನಳಿಗೆಯನ್ನು ಬಿಟ್ಟೊಡನೆ ಆ ಅನಿಲವು ಒಮ್ಮೆಗೇ ಹೊರಗೆ ಸಿಡಿಯುವುದು. ಗೋಲಿಸೋಡದ ಗೋಲಿಯನ್ನು ಒತ್ತಿದಾಗ ಕೇಳುವ ಸದ್ದು ಇದೇ ಜಾತಿಯದು. ಒತ್ತಡ ಮಾತ್ರ ನೂರಾರು ಪಾಲು ಕಡಿಮೆ. ಇದಕ್ಕೆ ಪರಿಹಾರ ಕಂಡುಕೊಂಡವನು ಅಮೆರಿಕದ ಹೈರಮ್ ಪರ್ಸಿ ಮ್ಯಾಕ್ಸಿಮ್. ನಳಿಗೆಯ ತುದಿಗೆ ಜೋಡಿಸುವ ಅವನ ಸೈಲೆನ್ಸರಿಗೆ 1909ರಲ್ಲಿ ಪೇಟೆಂಟ್ ದೊರೆಯಿತು. ಮೋಟಾರು ಗಾಡಿಯ ಹೊಗೆಕೊಳವೆಯ ಸದ್ದನ್ನು ಅಡಗಿಸಿದ ತತ್ತ್ವವೇ ಇಲ್ಲಿಯೂ ಕೆಲಸ ಮಾಡುವುದು. ಕೊಳವೆಯೊಳಗೆ ಸಾಲಾಗಿ ಕೋಣೆಗಳಿದ್ದು, ಅನಿಲವು ಒಂದರಿಂದ ಇನ್ನೊಂದಕ್ಕೆ ಹಾಯುತ್ತ ಹಿಗ್ಗಿ, ತಣಿದು, ನಿಧಾನವಾಗಿ ಹೊರಬೀಳುವುದು. ಯಂತ್ರ ಬಂದೂಕನ್ನು ಕಂಡುಹಿಡಿದು ಲೋಕದ ಗದ್ದಲವನ್ನು ಹೆಚ್ಚಿಸಿದವನು ಇವನ ತಂದೆಯೇ ಎಂಬುದು ವಿನೋದದ ಸಂಗತಿ.

ಒಳ್ಳೆಯ ಸೈಲೆನ್ಸರು ಸದ್ದನ್ನು 20ರಿಂದ 35 ಡೆಸಿಬೆಲ್‌ಗಳಷ್ಟು ತಗ್ಗಿಸುವುದು. 20 ಡೆಸಿಬೆಲ್ ಇಳಿಯಿತೆಂದರೆ ಶಬ್ದದ ಒತ್ತಡ ಹತ್ತನೆಯ ಒಂದು ಪಾಲಿಗೆ ಇಳಿಯಿತೆಂದು ಅರ್ಥ. ಆದರೂ 160ರಿಂದ 130ಕ್ಕೆ ಇಳಿದ ಸದ್ದನ್ನು ಮೌನವೆನ್ನಲಾಗದು. ಚಲನಚಿತ್ರಗಳಲ್ಲಿ ಕೇಳುವ ‘ಪಿಸ್’ ಎಂಬ ಸದ್ದು ಬರಿಯ ಕಲ್ಪನೆ. ಇಂಗ್ಲೆಂಡಿನವರು ಈ ಉಪಕರಣಕ್ಕೆ ‘ಮಾಡರೇಟರ್’, ಎಂದರೆ ಹದಕ್ಕೆ ತರುವಂಥದು, ಎಂದು ಹೆಸರಿಟ್ಟಿರುವರು. ಹೆಸರು ಪ್ರಾಮಾಣಿಕವಾಗಿದೆ.

ಇನ್ನು ‘ಛಟ್’ ಎಂಬ ಸದ್ದು. ಇದು ನಳಿಗೆಯಿಂದ ಬರುವುದಲ್ಲ, ಗುಂಡಿನಿಂದಲೇ ಬರುವುದು. ಜಾತ್ರೆಯಲ್ಲಿ ದುರ್ಗಮುರ್ಗಿಯವನು ಬೀಸುವ ಚಾಟಿ ಯಾವುದಕ್ಕೂ ತಗುಲದೆ ಬರಿಯ ಗಾಳಿಯಲ್ಲಿಯೇ ಸಿಡಿಯುವುದನ್ನು ನೀವು ಕೇಳಿರಬಹುದು. ಚಾಟಿಯ ತುದಿ ಶಬ್ದಕ್ಕಿಂತ ಹೆಚ್ಚು ವೇಗವಾಗಿ ಚಲಿಸಿದುದರ ಫಲ ಅದು. ಶಬ್ದವನ್ನು ಮೀರಿದ ವೇಗದಲ್ಲಿ ಹಾರುವ ಗುಂಡು ತನ್ನ ಮುಂದಿನ ಗಾಳಿಗೆ ಸರಿಯಲು ಅವಕಾಶ ಕೊಡದೆ ಅದನ್ನು ಒತ್ತಿ, ದೋಣಿಯ ಮೂತಿಯಿಂದ ಇಬ್ಬದಿಗೂ ಹರಡುವ ಅಲೆಯಂತೆ, ಶಂಕುವಿನಾಕಾರದ ಆಘಾತ ತರಂಗವನ್ನು ಎಳೆದುಕೊಂಡು ಹೋಗುವುದು. ಈ ತರಂಗದ ಛಾಯಾಚಿತ್ರವನ್ನು ಅರ್ನ್ಸ್ಟ್ ಮಾಖ್ ಮತ್ತು ಪೀಟರ್ ಸಾಲ್ಖರ್ ಎಂಬ ವಿಜ್ಞಾನಿಗಳು 1887ರಲ್ಲಿ ಪ್ರಕಟಿಸಿದರು. ಗುಂಡು ಹಾರುವ ದಾರಿಯುದ್ದಕ್ಕೂ ಹುಟ್ಟುವ ಈ ಸದ್ದಿನ ಮೇಲೆ ನಳಿಗೆಯ ತುದಿಯ ಸೈಲೆನ್ಸರಿಗೆ ಯಾವ ಅಧಿಕಾರವೂ ಇಲ್ಲ. ಅದನ್ನು ತಪ್ಪಿಸಬೇಕಾದರೆ ಗುಂಡನ್ನೇ ನಿಧಾನವಾಗಿ ಹಾರಿಸಬೇಕು; ಬೇರೆ ಉಪಾಯವಿಲ್ಲ.

ಮೂರನೆಯ ಸದ್ದೊಂದಿದೆ: ಬಂದೂಕಿನ ಯಂತ್ರದ್ದು. ತಾನಾಗಿಯೇ ತೋಟಾ ತುಂಬಿಕೊಳ್ಳುವ ಬಂದೂಕಿನಲ್ಲಿ ಉಕ್ಕಿನ ಭಾಗಗಳು ಹಿಂದಕ್ಕೂ ಮುಂದಕ್ಕೂ ಬಡಿಯುವುವು. ಹಿಂಬದಿ ತೆರೆದಾಗ ಒಂದಿಷ್ಟು ಅನಿಲವೂ ಅಲ್ಲಿಂದ ನುಸುಳುವುದು. ಒಂದೀಡಿನ ಬಂದೂಕಿನಲ್ಲಿ ಇದಾವುದೂ ಇಲ್ಲ. ಬೇಟೆಗಾರನು ತೆರೆಯುವವರೆಗೂ ಅದು ಮುಚ್ಚಿಯೇ ಇರುವುದು. ಇದರ ಯಂತ್ರಭಾಗ ಗಿಡ್ಡವಾದುದರಿಂದ ಅಷ್ಟೇ ಒಟ್ಟುದ್ದದಲ್ಲಿ ನಳಿಗೆಯನ್ನು ಉದ್ದವಾಗಿಡಬಹುದು. ಉದ್ದವಾದ ನಳಿಗೆಯಲ್ಲಿ ಅನಿಲವು ಬಾಯಿಗೆ ಬರುವಷ್ಟರಲ್ಲಿ ಒತ್ತಡವನ್ನು ಕಳೆದುಕೊಂಡಿರುವುದು.

ಹಾಗಾದರೆ ಗುಂಡು ಎಷ್ಟು ನಿಧಾನವಾಗಿರಬೇಕು? 20 ಡಿಗ್ರಿ ಸೆಂಟಿಗ್ರೇಡಿನ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಉಷ್ಣತೆ ಒಂದು ಡಿಗ್ರಿ ಇಳಿದರೆ ಇದು ಸುಮಾರು 0.6 ಮೀಟರ್ ಇಳಿಯುವುದು. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಅದು 325 ಮಾತ್ರ. ಆದುದರಿಂದ 335 ಮೀಟರ್ ವೇಗದ ತೋಟಾ ಬೇಸಗೆಯಲ್ಲಿ ಸುಮ್ಮನಿದ್ದು, ಹಿಮಗಾಲದ ಬೆಳಗಿನಲ್ಲಿ ‘ಛಟ್’ ಎಂದು ಗುಟ್ಟನ್ನು ರಟ್ಟು ಮಾಡಬಹುದು. ಇದಲ್ಲದೆ ಗುಂಡಿನ ಉಬ್ಬಿದ ಮೂತಿಯನ್ನು ಬಳಸಿ ಹರಿಯುವ ಗಾಳಿ ಗುಂಡಿಗಿಂತಲೂ ತುಸು ವೇಗ ಪಡೆಯುವುದರಿಂದ, ಶಬ್ದದ ವೇಗವನ್ನು ಮುಟ್ಟುವ ಮೊದಲೇ ತೊಂದರೆ ಆರಂಭವಾಗುವುದು. ಹೀಗಾಗಿ ಇಂತಹ ತೋಟಾಗಳನ್ನು ಸಾಮಾನ್ಯವಾಗಿ 310–320 ಮೀಟರಿಗೆ ತಯಾರಿಸುವರು.

ಇಲ್ಲಿಯೇ ಕಷ್ಟ ಆರಂಭವಾಗುವುದು. ಚಲನಶಕ್ತಿಯು ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು ಎಂಬುದನ್ನು ನೀವು ತರಗತಿಯಲ್ಲಿ ಓದಿರುವಿರಿ. ಜಿಂಕೆಯ ಬೇಟೆಯಲ್ಲಿ ಬಹಳ ಬಳಕೆಯಲ್ಲಿರುವ ‘308 ವಿಂಚೆಸ್ಟರ್’ ತೋಟಾದ 9.7 ಗ್ರಾಂ ಗುಂಡು ಸೆಕೆಂಡಿಗೆ 860 ಮೀಟರ್ ವೇಗದಲ್ಲಿ ಹೊರಟಾಗ ಅದರ ಶಕ್ತಿ ಸುಮಾರು 3,590 ಜೂಲ್. ಅದೇ ಗುಂಡನ್ನು 310 ಮೀಟರಿಗೆ ಇಳಿಸಿದರೆ ಉಳಿಯುವುದು 466 ಜೂಲ್ ಮಾತ್ರ, ಎಂದರೆ ಸುಮಾರು ಎಂಟನೆಯ ಒಂದು ಪಾಲು. ವೇಗಕ್ಕೆ ಮಿತಿ ಬಿದ್ದ ಮೇಲೆ ನಮ್ಮ ಕೈಯಲ್ಲಿ ಉಳಿದಿರುವುದು ದ್ರವ್ಯರಾಶಿಯೊಂದೇ. ಭಾರವಾದ ಗುಂಡನ್ನು ಆರಿಸಿಕೊಳ್ಳಬೇಕು.

ಬಳಕೆಯಲ್ಲಿರುವ ಮೂರು ತೋಟಾಗಳನ್ನು ಈ ದೃಷ್ಟಿಯಿಂದ ನೋಡೋಣ. 1887ರಷ್ಟು ಹಳೆಯದಾದ ‘ಪಾಯಿಂಟ್ ಟೂ-ಟೂ ಲಾಂಗ್ ರೈಫಲ್’ ತೋಟಾದ ಗುಂಡು 2.6 ಗ್ರಾಂ, 320 ಮೀಟರ್ ವೇಗದಲ್ಲಿ ಅದರ ಶಕ್ತಿ 133 ಜೂಲ್. ಮದ್ದು ಅತಿ ಕಡಿಮೆಯಾದುದರಿಂದ ಸೈಲೆನ್ಸರಿನೊಡನೆ ಇದರಷ್ಟು ಮೆತ್ತಗಿನದು ಇನ್ನೊಂದಿಲ್ಲ. ಮೊಲಕ್ಕೆ ಇಷ್ಟು ಸಾಕು, ಅದಕ್ಕಿಂತ ದೊಡ್ಡದಕ್ಕೆ ಸಾಲದು. 2011ರಲ್ಲಿ ಅಮೆರಿಕದಲ್ಲಿ ಪ್ರಮಾಣೀಕೃತವಾದ ‘300 ಬ್ಲ್ಯಾಕ್‌ಔಟ್’ ತೋಟಾವನ್ನು ಸದ್ದಡಗಿಸುವ ಉದ್ದೇಶವನ್ನು ಮನಸ್ಸಿನಲ್ಲಿಟ್ಟುಕೊಂಡೇ ರೂಪಿಸಿದರು. ಅದರ 14.3 ಗ್ರಾಂ ಗುಂಡು 310 ಮೀಟರಿನಲ್ಲಿ ಸುಮಾರು 690 ಜೂಲ್ ಹೊತ್ತೊಯ್ಯುವುದು. ಅದರ ಹಿತ್ತಾಳೆಯ ಕೋಶ ಚಿಕ್ಕದು, ಇದೊಂದು ಗುಣವೇ. ದೊಡ್ಡ ಕೋಶದಲ್ಲಿ ಸ್ವಲ್ಪವೇ ಮದ್ದಿದ್ದರೆ ಅದು ಒಮ್ಮೆ ಮುಂದೆ ಒಮ್ಮೆ ಹಿಂದೆ ಸರಿದು, ಪ್ರತಿ ಈಡಿನಲ್ಲಿಯೂ ಬೇರೆ ಬೇರೆ ವೇಗ ಕೊಡುವುದು. ಮೂರನೆಯದು ಅಜ್ಜನ ಕಾಲದ್ದು: ಅಮೆರಿಕದ ಸೈನ್ಯವು 1873ರಲ್ಲಿ ತನ್ನ ಒಂದೀಡಿನ ಬಂದೂಕಿಗಾಗಿ ತಂದ ‘45-70’. ಅದರ ಗುಂಡು ದಪ್ಪ, 26 ಗ್ರಾಂ ತೂಕ. ನಿಧಾನವಾಗಿ ಹಾರಿಸಿದರೂ ಸುಮಾರು 1,260 ಜೂಲ್. ಕರಿಮದ್ದಿನ ಕಾಲದಲ್ಲಿ ವೇಗ ದೊರೆಯದೆ ಭಾರವನ್ನು ನೆಚ್ಚಿಕೊಂಡಿದ್ದ ತೋಟಾ, ಬೇಕೆಂದೇ ವೇಗವನ್ನು ತ್ಯಜಿಸುವವರಿಗೆ ಮತ್ತೆ ಒದಗಿದೆ. ಮೇಲೆ ಹೇಳಿದ ದೊಡ್ಡ ಕೋಶದ ದೋಷ ಮಾತ್ರ ಇದಕ್ಕೆ ತಪ್ಪಿದ್ದಲ್ಲ.

ಭಾರವಾದ ಗುಂಡು ಉದ್ದವಾಗಿರುವುದು. ಉದ್ದವಾದುದನ್ನು ನೆಟ್ಟಗೆ ನಿಲ್ಲಿಸಲು, ಬುಗುರಿಯಂತೆ, ರಭಸವಾಗಿ ತಿರುಗಿಸಬೇಕು. ಆದುದರಿಂದ ‘300 ಬ್ಲ್ಯಾಕ್‌ಔಟ್’ ನಳಿಗೆಗಳ ಸುರುಳಿಗೆರೆಗಳು 7 ಅಥವಾ 8 ಅಂಗುಲಕ್ಕೆ ಒಂದು ಸುತ್ತಿನಂತಿರುವುವು. ಗೆರೆಗಳ ಸುತ್ತು ಸಾಲದಿದ್ದರೆ ಗುಂಡು ಓಲಾಡಿ, ಸೈಲೆನ್ಸರಿನ ಒಳಗೋಡೆಗೇ ಬಡಿಯಬಹುದು.

ನಮಗೆ ಮುಖ್ಯವೆಂದು ತೋರುವುದು ದೂರದ ಲೆಕ್ಕ. ಹಾರುವ ಗುಂಡು ಕೈಬಿಟ್ಟ ಕಲ್ಲಿನಷ್ಟೇ ವೇಗವಾಗಿ ನೆಲದತ್ತ ಬೀಳುವುದು. 308ರ ಗುಂಡು 100 ಮೀಟರನ್ನು ಸುಮಾರು 0.12 ಸೆಕೆಂಡಿನಲ್ಲಿ ದಾಟಿ, ಅಷ್ಟರಲ್ಲಿ 7 ಸೆಂಟಿಮೀಟರ್ ಮಾತ್ರ ಇಳಿಯುವುದು. ನಿಧಾನದ ಗುಂಡಿಗೆ ಸೆಕೆಂಡಿನ ಮೂರನೆಯ ಒಂದು ಪಾಲು ಬೇಕು. ಅದು ಇಳಿಯುವುದು ಅರ್ಧ ಮೀಟರಿಗೂ ಹೆಚ್ಚು. ಗುರಿಗಣ್ಣನ್ನು 100 ಮೀಟರಿಗೆ ಸರಿಹೊಂದಿಸಿಕೊಂಡವನು 120 ಮೀಟರಿನಲ್ಲಿರುವ ಪ್ರಾಣಿಯನ್ನು ನೂರರಲ್ಲಿದೆಯೆಂದು ಬಗೆದರೆ, ಗುಂಡು ಹನ್ನೆರಡು ಹದಿಮೂರು ಸೆಂಟಿಮೀಟರ್ ಕೆಳಗೆ ತಗಲುವುದು. ಜಿಂಕೆಯ ಹೃದಯ ಶ್ವಾಸಕೋಶಗಳಿರುವ ಎಡೆಯ ಅಗಲ ಸುಮಾರು 20 ಸೆಂಟಿಮೀಟರ್. ನಡುವಿಗೆ ಗುರಿಯಿಟ್ಟವನ ಗುಂಡು ಅದರ ಹೊರಗೆ, ಎದೆಯ ಅಡಿಗೋ ಮುಂಗಾಲಿಗೋ ಬಡಿಯುವುದು. ಮುಸ್ಸಂಜೆಯ ಮಬ್ಬಿನಲ್ಲಿ ಇಪ್ಪತ್ತು ಮೀಟರುಗಳ ತಪ್ಪು ಯಾರಿಗಾದರೂ ಆಗತಕ್ಕದ್ದೇ. ಮತ್ತೆ, ವೇಗದ ಗುಂಡಿಗಾಗಿ ಮಾಡಿದ ಸೀಸದ ಮೂತಿ ಈ ನಿಧಾನದಲ್ಲಿ ಅರಳುವುದಿಲ್ಲ. ಪೆನ್ಸಿಲಿನಂತೆ ತೂತು ಕೊರೆದು ಹೊರಬೀಳುವುದು. ಇದಕ್ಕಾಗಿಯೇ ಮೆದುವಾಗಿ ಮಾಡಿದ ಗುಂಡುಗಳುಂಟು. ಅವಿಲ್ಲದಿದ್ದರೆ ದಪ್ಪ ಗುಂಡೇ ಲೇಸು. ನಮ್ಮ ಮತದಲ್ಲಿ ಇಂತಹ ಈಡಿಗೆ ಐವತ್ತು ಮೀಟರುಗಳೇ ನ್ಯಾಯವಾದ ಎಲ್ಲೆ. ಅಷ್ಟು ಹತ್ತಿರಕ್ಕೆ ಸದ್ದಿಲ್ಲದೆ ನಡೆಯಬಲ್ಲ ಬೇಟೆಗಾರರು ಎಷ್ಟು ಮಂದಿಯೋ ತಿಳಿಯದು.

ಇಂಗ್ಲೆಂಡ್ ಮತ್ತು ವೇಲ್ಸ್‌ಗಳ 1991ರ ಜಿಂಕೆ ಕಾಯಿದೆ ಈ ವಿಷಯವನ್ನು ಬೇಟೆಗಾರನ ವಿವೇಕಕ್ಕೆ ಬಿಟ್ಟಿಲ್ಲ. ಜಿಂಕೆಗೆ ಹಾರಿಸುವ ಗುಂಡಿಗೆ ನಳಿಗೆಯ ಬಾಯಲ್ಲಿ 1,700 ಅಡಿ-ಪೌಂಡ್, ಎಂದರೆ ಸುಮಾರು 2,305 ಜೂಲ್ ಶಕ್ತಿ ಇರಬೇಕು. ಅತಿ ಚಿಕ್ಕ ಜಾತಿಯ ಜಿಂಕೆಗಳಿಗೆ 2007ರಿಂದ ಇದು 1,000 ಅಡಿ-ಪೌಂಡ್, ಸುಮಾರು 1,356 ಜೂಲ್. ನಾವು ನೋಡಿದ ನಿಧಾನದ ತೋಟಾಗಳಲ್ಲಿ ಒಂದೂ, ಆ ಹಳೆಯ 45-70 ಕೂಡ, ಈ ಎರಡನೆಯ ಗೆರೆಯನ್ನೂ ಮುಟ್ಟಲಾರದು. ಆದ್ದರಿಂದ ಅಲ್ಲಿಯವರು ಮೊಲಕ್ಕೆ ನಿಧಾನದ ‘ಪಾಯಿಂಟ್ ಟೂ-ಟೂ’ ತೋಟಾವನ್ನೂ, ಜಿಂಕೆಗೆ ಮಾಡರೇಟರನ್ನು ಜೋಡಿಸಿದ ವೇಗದ ಬಂದೂಕನ್ನೂ ಬಳಸುವರು. ‘ಧಂ’ ತಗ್ಗುವುದು, ಕಿವಿ ಉಳಿಯುವುದು. ‘ಛಟ್’ ಹಾಗೆಯೇ ಇರುವುದು. ಆದರೆ ಆ ಸದ್ದು ಹೊಮ್ಮುವುದು ಗುಂಡಿನ ದಾರಿಯ ಪಕ್ಕದಿಂದ. ದಿಬ್ಬದ ಮರೆಯಲ್ಲಿ ಕುಳಿತವನಿಗೆ ಅದು ತಲೆಯ ಮೇಲೆಯೇ ಕೇಳಿಸಿದಂತೆ, ಹಿಂಡಿನಲ್ಲಿ ಉಳಿದ ಜಿಂಕೆಗಳಿಗೂ ಅದು ಬಂದೂಕಿರುವ ದಿಕ್ಕನ್ನು ತಿಳಿಸುವುದಿಲ್ಲ.