ಮಾಯಾಶಲ್ಯ ಮತ್ತು ಗುಪ್ತವ್ಯಸನ

ಭಟ್ಕಳದಲ್ಲಿ ಅಂಗಡಿಯುಳ್ಳ ಒಬ್ಬ ಶ್ರಾವಕನನ್ನು ಕಲ್ಪಿಸಿಕೊಳ್ಳಬಹುದು. ಹೊಗೆಸೊಪ್ಪನ್ನು ಅವನು ತನ್ನೂರಿನಲ್ಲಿ ಕೊಳ್ಳುವುದಿಲ್ಲ. ವ್ಯಾಪಾರದ ನೆಪದಲ್ಲಿ ಹೊನ್ನಾವರಕ್ಕೆ ಹೋದಾಗ, ಗುರುತಿನವರಿಲ್ಲದ ಬೀದಿಯಲ್ಲಿ ಕೊಂಡು, ಹಿಂದಿರುಗುವಾಗ ಏಲಕ್ಕಿ ಜಗಿಯುತ್ತಾನೆ. ಕವಳ ಹಾಕುವುದು ಸತ್ಕಾರವೆನಿಸಿದ ಈ ಅಡಕೆಯ ನಾಡಿನಲ್ಲಿ ಎಲೆಯೊಳಗಿನ ಎಸಳು ಯಾರಿಗೂ ಕಾಣದು. ಆದರೂ ಚಂದ್ರನಾಥೇಶ್ವರ ಬಸದಿಯ ಮುಂದೆ ಹಾಯುವಾಗ ತುಟಿ ಬಿಗಿಯುತ್ತಾನೆ. ಮಗು ಹತ್ತಿರ ಬಂದರೆ ಮುಖ ತಿರುಗಿಸುತ್ತಾನೆ.

ಚತುರ್ದಶಿಯಂದು ಅವನೇ ಪ್ರೋಷಧೋಪವಾಸ ಕೈಗೊಳ್ಳುತ್ತಾನೆ. ಉತ್ತಮ ಪ್ರೋಷಧವು 16 ಪ್ರಹರ, ಅಂದರೆ 48 ಗಂಟೆಗಳದು. ನಿಕೋಟಿನ್ ನಿಂತ ಕೆಲವೇ ಗಂಟೆಗಳಲ್ಲಿ ಚಡಪಡಿಕೆ ತೊಡಗಿ, ಎರಡು ಮೂರನೆಯ ದಿನಕ್ಕೆ ಅತಿ ತೀವ್ರವಾಗುವುದೆಂದು ವೈದ್ಯಶಾಸ್ತ್ರವು ಹೇಳುತ್ತದೆ. ಮನೆಯವರು ಅದನ್ನು ಹಸಿವಿನ ಬಳಲಿಕೆಯೆಂದೇ ತಿಳಿದು ಮರುಗುತ್ತಾರೆ. ಆ ಮರುಕವನ್ನು ಸ್ವೀಕರಿಸುವ ಸಂಕಟ ಹಸಿವಿಗಿಂತ ದೊಡ್ಡದು.

ಮಾಯೆ, ಮಿಥ್ಯಾತ್ವ, ನಿದಾನಗಳೆಂಬ ಶಲ್ಯಗಳಿರುವವನನ್ನು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ವ್ರತಿಯೆಂದು ಎಣಿಸುವುದಿಲ್ಲ. ಶಲ್ಯವೆಂದರೆ ಒಳಗೆ ಮುರಿದುಳಿದ ಮುಳ್ಳು. ಮೇಲೆ ಚರ್ಮ ಕೂಡಿಕೊಂಡರೂ ಅದು ಒಳಗೆ ಕೀವಾಗುತ್ತದೆ. ಹೊಗೆಸೊಪ್ಪಿನ ದೋಷ ಒಂದು. ಏಲಕ್ಕಿಯದು ಇನ್ನೊಂದು, ಮತ್ತು ವ್ರತಕ್ಕೆ ಹೆಚ್ಚು ಘಾತಕವಾದುದು.

ಮುಳ್ಳು ಕೀಳುವ ಸಾಧನ ಆಲೋಚನೆ, ಅಂದರೆ ಗುರುಸಮಕ್ಷಮದಲ್ಲಿ ದೋಷನಿವೇದನೆ. ಅದರಲ್ಲಿಯೂ ಅಡಗಿಕೊಳ್ಳುವ ದಾರಿಗಳಿವೆ. ಭಗವತೀ ಆರಾಧನೆಯು ಅಂತಹ ಹತ್ತು ದೋಷಗಳನ್ನು ಹೇಳಿದೆ. ಪರರು ಕಂಡ ತಪ್ಪನ್ನಷ್ಟೇ ಒಪ್ಪಿ ಕಾಣದುದನ್ನು ನುಂಗುವುದು ದೃಷ್ಟ. ಒಬ್ಬನು ಹೀಗೆ ಮಾಡಿದರೆ ಪ್ರಾಯಶ್ಚಿತ್ತವೇನೆಂದು ಬೇರೆಯವರದೆಂಬಂತೆ ಕೇಳಿ ತಾನು ಆಚರಿಸುವುದು ಛನ್ನ. ಮುನಿಗಳ ಕುರಿತು ಹೇಳಿದ ಮಾತಾದರೂ ಗೃಹಸ್ಥನಿಗೆ ಇದಕ್ಕಿಂತ ಒಪ್ಪುವ ಕನ್ನಡಿಯಿಲ್ಲ. ಸಿಕ್ಕಿಬಿದ್ದಾಗ ಇದೊಂದೇ ಸಲವೆನ್ನುವವನೂ, ಗೆಳೆಯನ ಕಾಯಿಲೆಯೆಂದು ವೈದ್ಯರನ್ನು ವಿಚಾರಿಸುವವನೂ ಇದರಲ್ಲಿ ತಮ್ಮನ್ನು ಕಾಣುವರು.

ಮದ್ಯದ ವಿಷಯದಲ್ಲಿ ಈ ಗುಟ್ಟು ಪ್ರಾಣಾಪಾಯಕರವೂ ಹೌದು. ಬಹುಕಾಲ ವಿಪರೀತವಾಗಿ ಕುಡಿದವನು ಏಕಾಏಕಿ ನಿಲ್ಲಿಸಿದರೆ ನಡುಕ, ಅಪಸ್ಮಾರದಂತಹ ಸೆಳೆತ, ಭ್ರಾಂತಿಗಳು ಉಂಟಾಗಬಹುದು. ಯಾರಿಗೂ ತಿಳಿಸದೆ ತ್ಯಾಗದ ನಿಯಮ ಹಿಡಿಯುವ ಮುನ್ನ ವೈದ್ಯರಿಗೆ ನಿಜವನ್ನು ಹೇಳಲೇಬೇಕು. ಹೊಗೆಸೊಪ್ಪು ಬಿಡುವವರಿಗೆ 1800-11-2356 ಎಂಬ ರಾಷ್ಟ್ರೀಯ ಉಚಿತ ದೂರವಾಣಿಯಿದೆ.

ಕೇಳುವವರ ಹೊಣೆಯನ್ನೂ ಅದೇ ಗ್ರಂಥ ಹೇಳಿದೆ. ನಿರ್ಯಾಪಕಾಚಾರ್ಯನು ಅಪರಿಸ್ರಾವಿ ಆಗಿರಬೇಕು. ಕೇಳಿದ ದೋಷವನ್ನು ಹೊರಗೆ ಸೋರಗೊಡಬಾರದು. ಮನೆಗಳಲ್ಲಿ ಈ ಗುಣ ವಿರಳ. ಮಗಳ ಸಂಬಂಧದ ಮಾತು ಕುಮಟೆಯಲ್ಲಿ ನಡೆದಿರುವಾಗ ಭಟ್ಕಳದ ತಂದೆ ಸ್ವಂತ ತಮ್ಮನ ಬಳಿಯೂ ಬಾಯಿ ಬಿಡದಿರುವುದು ಈ ಕಾರಣದಿಂದಲೇ.