ಪ್ರಾಣಿಶಾಸ್ತ್ರದಿಂದ ಮಿದುಳಿನತ್ತ

ನರವಿಜ್ಞಾನದ ಪದವಿಯೇ ಇಲ್ಲದ ನನಗೆ ಮಿದುಳಿನ ಸಂಶೋಧನೆಯ ಬಾಗಿಲು ತೆರೆದೀತೇ ಎಂದು ಕೇಳಿದ್ದೀರಿ. ಧಾರಾಳವಾಗಿ. ಎಂಜಿನಿಯರಿಂಗ್, ಭೌತವಿಜ್ಞಾನ, ಮನೋವಿಜ್ಞಾನ ಓದಿದವರೂ ಇಲ್ಲಿಗೆ ಬರುತ್ತಾರೆ. ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಯನ್ನು ಕಟ್ಟಿದ ವಿಜ್ಞಾನಿ ಒಬೈದ್ ಸಿದ್ದಿಕಿ ವಾಸನೆಯ ಗುಟ್ಟು ಹುಡುಕಿದ್ದು ಹಣ್ಣುನೊಣದಲ್ಲಿ. ನಿಮ್ಮ ಪ್ರಾಣಿಶಾಸ್ತ್ರ ದಂಡವಾಗದು.

ನೆಟ್, ಗೇಟ್ ಪರೀಕ್ಷೆಗಳ ವಿಷಯ ನಿಮಗೇ ಗೊತ್ತಿದೆ. ನನ್ನ ಚಿಂತೆ ಬೇರೆ: ಪತ್ರದಲ್ಲಿ ಗಣಿತದ ಸುದ್ದಿಯೇ ಇಲ್ಲ! ಇಂದು ನರಕೋಶದ ಒಂದು ದಿನದ ರೆಕಾರ್ಡಿಂಗ್ ವಿಶ್ಲೇಷಿಸಲು ವಾರಗಟ್ಟಲೆ ಕಂಪ್ಯೂಟರ್ ಮುಂದೆ ಕೂರಬೇಕಾಗಬಹುದು. ಈಗಲೇ ಸಂಖ್ಯಾಶಾಸ್ತ್ರ ಓದಿ, ಪೈಥಾನ್ ಕಲಿಯಿರಿ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಎರಡು ತಿಂಗಳ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಿ. ಸಂದರ್ಶನದಲ್ಲಿ ನಾನಂತೂ ಅಂಕಪಟ್ಟಿಯನ್ನು ಬೇಗ ಮಡಚಿಡುತ್ತೇನೆ. ಮಾಡಿದ ಪ್ರಯೋಗ ಏಕೆ ಕೈಕೊಟ್ಟಿತು ಎಂದು ಬಿಡಿಸಿ ಹೇಳುವವರ ಮಾತಿಗೆ ಕಿವಿ ನಿಮಿರುತ್ತದೆ.

ಪಿಎಚ್‌.ಡಿ. ಎಂದರೆ ಐದಾರು ವರ್ಷ, ಆಮೇಲೆ ಪೋಸ್ಟ್‌ಡಾಕ್. ಕಾಯಂ ಕೆಲಸ ಸಿಗುವಷ್ಟರಲ್ಲಿ ಮೂವತ್ತು ದಾಟಿರುತ್ತದೆ. ಇದನ್ನು ಅಪ್ಪ–ಅಮ್ಮನಿಗೆ ಮೊದಲೇ ಹೇಳಿಬಿಡಿ, ಮುಚ್ಚಿಡಬೇಡಿ. ಇನ್ನು, ಗೈಡ್ ಆರಿಸುವಾಗ ಅವರ ಹೆಸರಿಗೆ ಮರುಳಾಗದೆ ಆ ಲ್ಯಾಬಿನ ವಿದ್ಯಾರ್ಥಿಗಳನ್ನು ಕ್ಯಾಂಟೀನಿಗೆ ಕರೆದು ಮಾತಾಡಿಸಿ. ಗೈಡ್ ಎದುರಿಗಿಲ್ಲದಾಗ ಅವರು ಏನು ಹೇಳುತ್ತಾರೋ ಕೇಳಿಸಿಕೊಳ್ಳಿ.