ಭೂಕಂಪದ ಮುನ್ಸೂಚನೆ: ನಾಲ್ಕು ಮನೆಗಳ ಕೋಷ್ಟಕದಿಂದ ಒಂದು ಪಾಠ

ತರಗತಿ: 8 ವಿಷಯ: ವಿಜ್ಞಾನ ಅವಧಿ: 40 ನಿಮಿಷ
ಘಟಕ: ಕೆಲವು ನೈಸರ್ಗಿಕ ವಿದ್ಯಮಾನಗಳು
ಅಭ್ಯಾಸ ಬೋಧನೆಯ ಸ್ಥಳ: ಅಜ್ಜಂಪುರ ತಾಲ್ಲೂಕಿನ ಒಂದು ಪ್ರೌಢಶಾಲೆ

ಉದ್ದೇಶ: ಭೂಕಂಪದ ಮುನ್ಸೂಚನೆ ಸಿಕ್ಕಿದೆ ಎಂಬ ಹೇಳಿಕೆಯನ್ನು ವಿದ್ಯಾರ್ಥಿಗಳು ಲೆಕ್ಕ ಹಾಕಿ ಪರೀಕ್ಷಿಸುವರು.

ಪೀಠಿಕೆ: "ಇಂದು ರಾತ್ರಿ ಭೂಕಂಪವಾಗುತ್ತದೆ ಎಂದು ಮೊಬೈಲಿಗೆ ಸಂದೇಶ ಬಂದರೆ ನಂಬುವಿರಾ? ಏಕೆ?" ಉತ್ತರಗಳನ್ನು ತಿದ್ದದೆ ಕಪ್ಪುಹಲಗೆಯ ಮೇಲೆ ಬರೆಯುವುದು.

ವಿಷಯ ನಿರೂಪಣೆ: ನೆಲದಿಂದ ಸುಮಾರು 60 ಕಿ.ಮೀ. ಮೇಲಿನಿಂದ ಅಯಾನುಗೋಳ ಆರಂಭವಾಗುತ್ತದೆ. ಸೂರ್ಯನ ಕಿರಣಗಳು ಅಲ್ಲಿನ ಅನಿಲ ಕಣಗಳಿಂದ ಎಲೆಕ್ಟ್ರಾನುಗಳನ್ನು ಬೇರ್ಪಡಿಸುತ್ತವೆ. ರಾತ್ರಿ ಹೊತ್ತು ದೂರದ ಮೀಡಿಯಂ ವೇವ್ ರೇಡಿಯೋ ಕೇಂದ್ರಗಳು ಕೇಳಿಸುವುದು ಈ ಪದರದಿಂದಲೇ.

ಭೂಕಂಪದ ನಂತರ ನೆಲದ ಅಲುಗಾಟವು ಗಾಳಿಯ ಮೂಲಕ ಸುಮಾರು 10 ನಿಮಿಷದಲ್ಲಿ ಅಯಾನುಗೋಳ ತಲುಪುತ್ತದೆ. ಇದು ಜಿಪಿಎಸ್ ಸಂಕೇತಗಳಿಂದ ಖಚಿತವಾಗಿದೆ. ಮೊದಲೇ ಬದಲಾವಣೆ ಆಗುತ್ತದೆಯೇ ಎಂಬುದು ವಿವಾದ. ಒತ್ತಡಕ್ಕೆ ಸಿಕ್ಕ ಶಿಲೆಯಿಂದ ರೇಡಾನ್ ಅನಿಲ ಹೊರಬಂದು, ಗಾಳಿಯನ್ನು ಅಯಾನೀಕರಿಸಿ, ಮೇಲಿನ ಪದರವನ್ನೂ ಕದಡುತ್ತದೆ ಎಂಬುದು ಒಂದು ಊಹೆ. 2011ರ ಮಾರ್ಚ್ 11ರ ಜಪಾನ್ ಭೂಕಂಪಕ್ಕೆ ಸುಮಾರು 40 ನಿಮಿಷ ಮೊದಲು ಎಲೆಕ್ಟ್ರಾನುಗಳು ಹೆಚ್ಚಿದ್ದವೆಂದು ವಿಜ್ಞಾನಿ ಕೊಸುಕೆ ಹೆಕಿ ಹೇಳಿದರು. ಲೆಕ್ಕದ ವಿಧಾನದಿಂದಲೇ ಹಾಗೆ ಕಾಣುತ್ತದೆ ಎಂದು ಇತರರು ಆಕ್ಷೇಪಿಸಿದರು. ಸೌರ ಬಿರುಗಾಳಿಯೂ ಈ ಪದರವನ್ನು ಕದಡುತ್ತದೆ. ಕಾಂತೀಯ ಸಮಭಾಜಕಕ್ಕೆ ಹತ್ತಿರವಿರುವ ದಕ್ಷಿಣ ಭಾರತದ ಮೇಲಂತೂ ಏರಿಳಿತ ಸಹಜ.

ಚಟುವಟಿಕೆ: ಊಹಾ ಸಂಖ್ಯೆಗಳನ್ನು ಗುಂಪುಗಳಿಗೆ ಕೊಡುವುದು. ಒಟ್ಟು 100 ದಿನ.

1. ಬದಲಾವಣೆ ಇದೆ, ಭೂಕಂಪ ಇದೆ: 3
2. ಬದಲಾವಣೆ ಇದೆ, ಭೂಕಂಪ ಇಲ್ಲ: 27
3. ಬದಲಾವಣೆ ಇಲ್ಲ, ಭೂಕಂಪ ಇದೆ: 7
4. ಬದಲಾವಣೆ ಇಲ್ಲ, ಭೂಕಂಪ ಇಲ್ಲ: 63

ಮೊದಲ ಮನೆಯನ್ನಷ್ಟೇ ತೋರಿಸಿದರೆ ಮಕ್ಕಳು "ಮೂರು ಸಲ ನಿಜವಾಯಿತು" ಎನ್ನುತ್ತಾರೆ. ನಾಲ್ಕೂ ಮನೆ ತೆರೆದ ಮೇಲೆ ಲೆಕ್ಕ ಬೇರೆ: ಬದಲಾವಣೆ ಇದ್ದ 30 ದಿನಗಳಲ್ಲಿ 3 ಭೂಕಂಪ, ಇಲ್ಲದ 70 ದಿನಗಳಲ್ಲಿ 7. ಎರಡೂ ಹತ್ತಕ್ಕೆ ಒಂದು. ಅಂದರೆ ಈ ಸೂಚನೆಯಿಂದ ಏನೂ ತಿಳಿಯಲಿಲ್ಲ.

ಅನ್ವಯ: ಹಾಗಾದರೆ ರಕ್ಷಣೆ ಎಲ್ಲಿದೆ? 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಮ್ಮ ರಾಜ್ಯದ ಗಡಿಗೆ ಹತ್ತಿರದ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ಕಲ್ಲು-ಮಣ್ಣಿನ ದಪ್ಪ ಗೋಡೆಗಳು, ಭಾರವಾದ ಮಣ್ಣಿನ ಮಾಳಿಗೆಗಳು ಮಲಗಿದ್ದವರ ಮೇಲೆ ಕುಸಿದು ಸುಮಾರು 10,000 ಜನ ಸತ್ತರು. ಮುನ್ಸೂಚನೆ ಸಿಗಲಿ ಬಿಡಲಿ, ಗಟ್ಟಿಯಾಗಿ ಕಟ್ಟಿದ ಮನೆ ಜೀವ ಉಳಿಸುತ್ತದೆ.

ಮೌಲ್ಯಮಾಪನ: "ಭೂಕಂಪದ ಹಿಂದಿನ ದಿನ ದನಗಳು ಬೆದರಿದ್ದವು" ಎಂಬ ಹೇಳಿಕೆ ಯಾವ ಮನೆಗೆ ಸೇರುತ್ತದೆ? ಇನ್ನು ಯಾವ ಮೂರು ಪ್ರಶ್ನೆ ಕೇಳಬೇಕು?

ಗೃಹಪಾಠ: ಮಲಗುವ ಜಾಗದ ಮೇಲೆ ಅಟ್ಟದಲ್ಲಿ ಏನೇನು ಭಾರವಿದೆ, ಹೊರಗೋಡುವ ದಾರಿ ಯಾವುದು ಎಂದು ಮನೆಯವರೊಂದಿಗೆ ನೋಡಿ ಬರೆಯಿರಿ.